ತಿಳಿಸಿದವಳು

"ಆಸ್ತಿ ಕೇಸೇನಮ್ಮ?" ಎಂದರು
ದಾಖಲೆ ಕೋಣೆಯ ರೇವಣಾರಾಧ್ಯರು.
ಅಲ್ಲ ಎಂದೆ. ಮತ್ತೇನು ಎನ್ನುವಂತೆ ಕನ್ನಡಕ ಇಳಿಸಿದರು.
ಅಜ್ಜಿಯ ಅಜ್ಜಿ, ಕುಂಬಾರಪೇಟೆಯ ಪಿಳ್ಳಕ್ಕ,
ಹುಟ್ಟಿದ್ದು ಯಾವಾಗ, ಸತ್ತದ್ದು ಯಾವಾಗ,
ಅಷ್ಟೇ ಬೇಕು ನನಗೆ.

"ಅಷ್ಟೇ" ಎಂಬ ಮಾತಿಗೆ ನಕ್ಕು
ಕೆಂಪು ಬಟ್ಟೆಯ ಗಂಟು ಬಿಚ್ಚಿದರು.

ಹುಟ್ಟು ಸಿಗಲಿಲ್ಲ.
ಧಾತು ಬರದ ವರ್ಷ ನೆರೆದಳಂತೆ,
ಚಿಗಳಿಗೆ ಎಳ್ಳಿಲ್ಲದೆ ಹುಣಸೆಬೀಜ ಕುಟ್ಟಿದರಂತೆ.
ಅದನ್ನು ಹಿಡಿದು ಹಿಂದಕ್ಕೆ ಎಣಿಸಿದರೆ
ಅರವತ್ತೆರಡೋ, ಮೂರೋ.
ನಮ್ಮಜ್ಜಿಯ ಲೆಕ್ಕದಲ್ಲಿ ಇಸವಿಗಳಿರಲಿಲ್ಲ,
ಹಸಿವುಗಳಿದ್ದವು.

ಸಾವಿನ ಪುಸ್ತಕದಲ್ಲಿ ಪಿಳ್ಳಕ್ಕಂದಿರು ಏಳು ಜನ.
ಒಬ್ಬಳು ಎರಡು ದಿನದ ಕೂಸು.
ಒಬ್ಬಳು ಬಳೇಪೇಟೆ, ಗಂಡ ಗಾಣಿಗ.
ಯಾರೂ ನಮ್ಮವಳಲ್ಲ.
ಆದರೂ ಏಳನ್ನೂ ಬರೆದುಕೊಂಡೆ, ಏಕೋ.

ಮಧ್ಯಾಹ್ನ ಕುಂಬಾರಪೇಟೆಗೆ ನಡೆದೆ.
ಒಂದು ಮಡಕೆಯಿಲ್ಲ ಅಲ್ಲಿ.
ಪ್ಲಾಸ್ಟಿಕ್ ಡಬ್ಬ, ಲಗ್ನಪತ್ರಿಕೆ, ಸ್ಕೂಟರಿನ ಹಾರ್ನು.
ಮಾವಿನಕಾಯಿ ಹೋಳು ತಿಂದು ವಾಪಸು ಬಂದೆ.

ನಾಲ್ಕನೆಯ ದಿನ ಕಣ್ಣು ಸೋತು
ಕೊನೆಯ ಕಲಮಿಗೆ ಜಾರಿತು.
ಅಚ್ಚಿನಲ್ಲಿ "ತಿಳಿಸಿದವನು" ಎಂದಿತ್ತು.
ಯಾರೋ ಗುಮಾಸ್ತ "ನು" ಹೊಡೆದು
"ಳು" ಬರೆದಿದ್ದ.
ಕೆಳಗೆ: ಸೂಲಗಿತ್ತಿ ಪಿಳ್ಳಕ್ಕ, ಕುಂಬಾರಪೇಟೆ. ಇವಳ ನಿಶಾನಿ.
ಪಕ್ಕದಲ್ಲೊಂದು ಗೀಟು, ಅದರ ಮೇಲೆ ಇನ್ನೊಂದು,
ಹಸಿ ಮಡಕೆಯ ಕಂಠಕ್ಕೆ ಕಡ್ಡಿಯಲ್ಲಿ ಎಳೆದ ಹಾಗೆ.

ಆಮೇಲೆ ಎಲ್ಲೆಲ್ಲೂ ಅವಳೇ.
ಹೆಣ್ಣು, ಜೀವಂತ. ಗಂಡು, ಜೀವಂತ.
ಹೆಣ್ಣು, ಹೆಸರಿಟ್ಟಿಲ್ಲ.
ಪ್ಲೇಗಿನ ಮಳೆಗಾಲ ಬಂದಾಗ ಪುಸ್ತಕ ಬದಲಾಗುತ್ತದೆ,
ಅವಳು ಬದಲಾಗುವುದಿಲ್ಲ.
ಕಾರಣ: ಗಡ್ಡೆ ಜ್ವರ. ಸದರಿ. ಸದರಿ. ಸದರಿ.
ತಾನೇ ಹೊಕ್ಕುಳು ಕೊಯ್ದ ಮಕ್ಕಳನ್ನು
ತಾನೇ ಬಂದು ಬರೆಸಿದ್ದಾಳೆ,
ಅಪ್ಪಂದಿರು ಶೆಡ್ಡಿನಲ್ಲಿದ್ದರೋ, ಊರು ಬಿಟ್ಟಿದ್ದರೋ.

ಕಾರ್ತಿಕದಲ್ಲಿ ಒಂದು ದಿನ
ದುಂಡನೆಯ ಆ ಕೈಬರಹ ನಿಂತು
ಮಾರನೆಯ ದಿನ ಓರೆ ಅಕ್ಷರ ಶುರುವಾಗುತ್ತದೆ.
"ಳು" ಬರೆದವನ ಹೆಸರು ನನಗೆ ಗೊತ್ತಿಲ್ಲ.
ಅವನಿಗೆ ವರ್ಗವಾಯಿತೋ, ಅವನೂ ಸದರಿಯೋ.
ಹೊಸಬ ಅಚ್ಚನ್ನು ತಿದ್ದಲಿಲ್ಲ.
ಅವನ ಪುಟಗಳಲ್ಲೆಲ್ಲ ನಮ್ಮ ಮುತ್ತಜ್ಜಿ ಗಂಡಸು.

ಒಂಬೈನೂರ ಒಂಬತ್ತರಿಂದಾಚೆ ಗೆದ್ದಲು ತಿಂದಿದೆ.
ಹಾಳೆ ಎತ್ತಿದರೆ ರವೆಯಂತೆ ಉದುರುತ್ತದೆ,
ಮೇಜಿನ ಮೇಲೆ, ನನ್ನ ಸೆರಗಿನ ಮೇಲೆ.
ಊರಿನ ಹುಟ್ಟು ಸಾವು ಹೊತ್ತು
ಕಚೇರಿಯ ಮೆಟ್ಟಿಲು ಹತ್ತಿದವಳಿಗಾಗಿ
ಹತ್ತಿದವರು ಯಾರು?
ಅವರಿಗೂ ಕಾಯಿಸಿದರೇ, ನೆರಳಿತ್ತೇ ಅಲ್ಲಿ?

ಗಂಟೆ ಐದು. ಫ್ಯಾನು ಆರಿಸುತ್ತ ಆರಾಧ್ಯರು
"ಸಿಕ್ಕರೇನಮ್ಮ?" ಎಂದರು.
"ಸಿಕ್ಕಿದ್ದಾಳೆ. ಇನ್ನೂ ಸತ್ತಿಲ್ಲ."
ಗಂಟು ಕಟ್ಟುತ್ತಿದ್ದವರು ತಲೆಯೆತ್ತದೆ
"ಹಾಗಾದರೆ ನಾಳೆ ಹತ್ತೂವರೆಗೆ ಬನ್ನಿ" ಎಂದರು.