ಜೊಳ್ಳು

ಇಪ್ಪತ್ತೊಂದು ವರ್ಷದಲ್ಲಿ ಮೊದಲ ಸಲ
ಯಾರೋ ಅವ್ವನನ್ನು ಕೇಳಿದರು:
"ಹೆರಿಗೆಯಲ್ಲಿ ರಕ್ತ ತುಂಬ ಹೋಗಿತ್ತಾ?
ಆಮೇಲೆ ಎದೆಹಾಲು ಬಂತಾ?"
ಅವ್ವ ಡಾಕ್ಟರಮ್ಮನನ್ನು ಬಿಟ್ಟು ನನ್ನ ಮುಖ ನೋಡಿದಳು,
ಉತ್ತರ ನನ್ನ ಹತ್ತಿರ ಇದ್ದ ಹಾಗೆ.

ಇತ್ತು.
ಸಿದ್ದಾಪುರದ ಆಚೆ, ಎಸ್ಟೇಟ್ ಜೀಪಿನ ಹಿಂಬದಿ,
ಗೋಣಿತಾಟಿನ ಮೇಲೆ ಅವ್ವ, ಅವ್ವನ ಮೇಲೆ ನಾನು.
ತಿರುವಿನಲ್ಲಿ ಆನೆ. ಮರಿ ಜೊತೆಗಿತ್ತು.
ಡ್ರೈವರ್ ದೀಪ ಆರಿಸಿದ.
ಅದು ದಾಟುವಷ್ಟರಲ್ಲಿ
ಮೂರು ಗೋಣಿ ನೆನೆದಿತ್ತು.
ಆನೆಯನ್ನು ಬೈಯಬೇಡ ಅನ್ನುತ್ತಾಳೆ ಅವ್ವ,
ಅದೂ ಹೆತ್ತದ್ದು.

ಬದುಕಿದಳು. ಚೀಟಿಯಲ್ಲಿ ಅಷ್ಟೇ ಬರೆದರು.
ಹಾಲು ಬರಲಿಲ್ಲ.
ಎದುರು ಲೈನಿನ ಬೀಪಾತು ತನ್ನ ಮಗನ ಪಾಲಿನಿಂದ
ಒಂದು ಮೊಲೆ ನನಗೆ ಬಿಟ್ಟುಕೊಟ್ಟಳು.
ಮುಟ್ಟು ಮತ್ತೆ ಬರಲಿಲ್ಲ; ಅವ್ವನಿಗೆ ಆಗ ಇಪ್ಪತ್ತಮೂರು.
"ಪುಣ್ಯವಂತೆ, ಬಟ್ಟೆ ಒಗೆಯುವ ಕಾಟವಿಲ್ಲ"
ಅಂದರು ನಲ್ಲಿಯ ಹತ್ತಿರ.
ಹುಬ್ಬಿನ ಅಂಚು ಉದುರಿತು, ಕಂಕುಳ ಕೂದಲು ಉದುರಿತು,
ಅದನ್ನು ಯಾರಿಗೆ ಹೇಳುವುದು.
ಮಾರ್ಚ್ ಬಿಸಿಲಲ್ಲೂ ಸ್ವೆಟರ್,
ಬಂಗಲೆಯವರು ಬಿಟ್ಟದ್ದು, ಗುಂಡಿಯ ಜಾಗದಲ್ಲಿ ಪಿನ್ನು.

ಸಂಜೆ ತಕ್ಕಡಿಯಲ್ಲಿ ಅವಳ ಚೀಲ
ಯಾವತ್ತೂ ಮೇಲೆ.
ರೈಟರ ಪುಸ್ತಕದಲ್ಲಿ ಅರ್ಧ ಕೂಲಿ,
ಬಾಯಲ್ಲಿ ಪೂರ್ತಿ ಹೆಸರು: ಸೋಮಾರಿ ಚೋಮಿ.
ಅಪ್ಪನೂ ಹಾಗೇ ಕರೆದ,
ಆಮೇಲೆ ಕರೆಯುವುದನ್ನೇ ಬಿಟ್ಟ.
ನಾನೂ ಒಮ್ಮೆ ಕರೆದಿದ್ದೆ, ಏಳನೇ ಕ್ಲಾಸಿನಲ್ಲಿ,
ಅನ್ನ ಹೊತ್ತಿಸಿ ಒಲೆಯ ಮುಂದೆಯೇ ಮಲಗಿದ್ದಳು.
ಅವಳಿಗೆ ಸಿಟ್ಟು ಬರಲಿಲ್ಲ.
ಸಿಟ್ಟಿಗೂ ಮೈಯಲ್ಲಿ ಬಿಸಿ ಬೇಕಲ್ಲ.

ಮಡಿಕೇರಿಯ ಆ ಕೋಣೆಯಲ್ಲಿ ಡಾಕ್ಟರಮ್ಮ
ಸ್ಕ್ಯಾನ್ ಹಾಳೆಯನ್ನು ಕಿಟಕಿಗೆ ಹಿಡಿದರು.
ಮಿದುಳಿನ ಬುಡದಲ್ಲಿ ಕಾಳಿನಷ್ಟು ಗ್ರಂಥಿ, ಪಿಟ್ಯುಟರಿ.
ಬಸುರಿಯಲ್ಲಿ ಅದೂ ಉಬ್ಬುತ್ತದಂತೆ,
ರಕ್ತ ಹರಿದುಹೋದರೆ ಒಣಗಿಬಿಡುತ್ತದಂತೆ.
ಹಾಲಿಗೆ, ಮುಟ್ಟಿಗೆ, ಬಿಸಿಗೆ, ಬಲಕ್ಕೆ
ಹೇಳಿಕಳಿಸುವುದು ಅದೇ.
"ಇಲ್ಲಿ ನೋಡಿ, ಗೂಡಿದೆ. ಒಳಗೆ ಏನೂ ಇಲ್ಲ."

"ಜೊಳ್ಳಾ?" ಕೇಳಿದಳು ಅವ್ವ.
ಕಾಫಿ ಹಣ್ಣನ್ನು ತೊಟ್ಟಿಗೆ ಸುರಿದಾಗ
ಮೇಲೆ ತೇಲುವುದನ್ನು
ಬರಿಗೈಯಲ್ಲಿ ಬಾಚಿ ಬಾಚಿ ತೆಗೆದವಳು.
ಡಾಕ್ಟರಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು
"ಹೂಂ, ಜೊಳ್ಳು" ಅಂದರು. "ಸೋಮಾರಿತನ ಅಲ್ಲ."
ಎರಡನೆಯದನ್ನು ನಾವು ಕೇಳಿರಲಿಲ್ಲ.

ಒಂದು ಮಾತ್ರೆ ಖಾಲಿ ಹೊಟ್ಟೆಗೆ.
ಬಿಳಿಯದು ತಿಂಡಿಗೆ ಒಂದು, ಮಧ್ಯಾಹ್ನ ಅರ್ಧ,
ಜ್ವರ ಬಂದರೆ ದುಪ್ಪಟ್ಟು. ಸಾಯುವವರೆಗೂ.
ಡಬ್ಬಿಯ ಮೇಲೆ ನಾನೊಂದು ಸೂರ್ಯ ಬರೆದೆ,
ಇನ್ನೊಂದರ ಮೇಲೆ ತಟ್ಟೆ.

ಆರು ವಾರಕ್ಕೆ, ಉದುರಿದ ಮೆಣಸು ಹೆಕ್ಕುತ್ತಿದ್ದವಳು
ಎದ್ದು ನಿಂತಳು, ಸ್ವೆಟರ್ ಕಳಚಿ
ಹಾಲುವಾಣದ ಮುಳ್ಳಿಗೆ ಸಿಕ್ಕಿಸಿದಳು.
ಮೇಲ್ತುಟಿಯಲ್ಲಿ ಹನಿ.
ನಾಲಿಗೆ ತಾಗಿಸಿ ನೋಡಿ
"ಉಪ್ಪು" ಅಂದಳು, ಯಾರದ್ದೋ ಬೆವರಿನ ಹಾಗೆ.
ಆಮೇಲೆ ನನ್ನ ಕಡೆ ತಿರುಗಿ,
"ಏನು ಬಾಯಿಬಿಟ್ಟುಕೊಂಡು ನೋಡ್ತೀಯ, ಹಿಡಿ ಚೀಲ!"

ಆಚೆ ಲೈನಿನವರೆಗೂ ಕೇಳಿಸಿತು.
ಬೀಪಾತು ಹೊರಗೆ ಬಂದು ನಿಂತಳು.