ನೆಲ ತೆಗೆದ ಜಾಗ

ಶಹಾಬಾದಿನ ಹೊರಗೆ, ಬಿಟ್ಟುಹೋದ ಫರಸಿ ಖಣಿಯ ಬಾಯಲ್ಲಿ
ಏಳು ಸೈಕಲ್ಲು, ರಾತ್ರಿಯೆಲ್ಲ ಕರೆಂಟು ಕುಡಿದು ನಿಂತಿವೆ.
"ಅಕ್ಕೋರೆ, ಕಾಲು ಬರೇ ಆಡಸ್ರಿ,
ಉಳಿದಿದ್ದು ಮೋಟಾರು ನೋಡ್ಕೊಂತದ"
ಅನ್ನುತ್ತಾನೆ ದಾರಿ ತೋರುವ ತಾಜೊದ್ದೀನ್.
ಐವತ್ತೆಂಟರ ಮೊಣಕಾಲು ನಂಬುವುದಿಲ್ಲ.
ಆದರೂ ಒಂದೇ ತುಳಿತಕ್ಕೆ ಯಾರೋ ದೂಡಿದ ಹಾಗೆ:
ಬಾಡಿಗೆ ಸೈಕಲ್ಲಿನ ಹಿಂದೆ ಓಡಿಬರುತ್ತಿದ್ದ
ಅಣ್ಣನ ಕೈ.

ಇಳಿದಷ್ಟೂ ಗೋಡೆ ಏರುತ್ತದೆ,
ಬೂದಿ, ಬೆಲ್ಲ, ನೀಲಿ, ಮತ್ತೆ ಬೂದಿ,
ಒಂದರ ಮೇಲೊಂದು ಪೇರಿಸಿಟ್ಟ ಕಟಕ ರೊಟ್ಟಿ.
ಬೆಳಗಿನ ಏಳೂವರೆಗೇ ಹೆಲ್ಮೆಟ್ಟಿನೊಳಗೆ ಬೆವರು.
ಒಂದು ಜಾಲಿಗಿಡದ ಹೊರತು ಹಸಿರಿನ ಮಾತಿಲ್ಲ.

ಮುಂದಿನವರು "ಥೇಟ್ ಫಾರಿನ್!" ಎಂದು ಫೋಟೋ ತೆಗೆಯುತ್ತಾರೆ.
ತಾಜೊದ್ದೀನ್ ಒಂದು ಕಲ್ಲುಕಟ್ಟೆ ತೋರಿಸಿ
"ನಮ್ಮಪ್ಪ ಒಡದಿದ್ದು. ಇಲ್ಲೇ ಕುಂತು ಉಣ್ತಿದ್ದ"
ಅಂದವನೇ ಮುಂದೆ ಹೋಗುತ್ತಾನೆ,
ಬಾಯಿಪಾಠದಲ್ಲಿ ಇಲ್ಲದ್ದೇನೋ ಜಾರಿದವನಂತೆ.

ವಾಪಸು ಏರುವಾಗ ನನ್ನ ಬ್ಯಾಟರಿ ಒಂದೇ ಗೆರೆ.
ಆಮೇಲೆ ಅದೂ ಇಲ್ಲ.
ಇಳಿದು ತಳ್ಳುತ್ತೇನೆ. ಆಸರೆಗೆ ಗೋಡೆ ಹಿಡಿದರೆ
ನೆರಳಿನ ಕಲ್ಲು, ತಣ್ಣಗೆ.
ಈ ತಂಪು ನನಗೆ ಗೊತ್ತು.
ಮೂವತ್ತು ಬೇಸಿಗೆ, ಮಧ್ಯಾಹ್ನ, ಚಾಪೆಯಿಲ್ಲದೆ
ಬೆನ್ನು ಚಾಚಿದ ನಮ್ಮ ಅಡುಗೆಮನೆ.
ಎಷ್ಟು ಮನೆಗಳ ನೆಲ ಎದ್ದುಹೋಗಿ
ಇಲ್ಲಿ ಇಷ್ಟೊಂದು ಆಕಾಶ ಇಳಿಯಿತೋ!

"ದೂಡ್ಲೇನ್ರಿ?"
ಬೇಡ ಅನ್ನುವಷ್ಟರಲ್ಲಿ ಸೀಟಿನ ಮೇಲೆ ಕೈ.
ಹೆಬ್ಬೆರಳಿಗೆ ಅರ್ಧ ಉಗುರಿಲ್ಲ.
ಏರು ಮುಗಿಯುವ ತನಕ
ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.