ಬುಡ ನೋಡುವವಳು

ಭಾನುವಾರ ಬಿಸಿಲೇರುವ ಮೊದಲೇ, ಚಳ್ಳಕೆರೆಯ ನಮ್ಮ ಹಿತ್ತಿಲಲ್ಲಿ
ಮಣೆ ಹಾಕಿ ಕೂರಿಸುತ್ತಾಳೆ ನನ್ನನ್ನು ಸಣ್ಣೀರತ್ತೆ.
ಕನ್ನಡಿ ತರಲು ಎದ್ದರೆ ಗದರುತ್ತಾಳೆ:
"ಅದು ತುದಿ ತೋರಿಸ್ತತೆ ಕಣೆ, ಕೂತ್ಕೋ.
ಬುಡ ನೋಡಾಕೆ ನಾನಿದೀನಿ."

ಕುರಿಯ ಮೈ ನೋಡಿ ನೋಡಿ ಪಳಗಿದ ಕಣ್ಣು.
ಕತ್ತರಿ ಹಿಡಿಯುವ ಮುನ್ನ
ಎರಡು ಹೆಬ್ಬೆರಳಲ್ಲಿ ತುಪ್ಪಟ ಬಗೆದು
ಒಳಗಿನ ತೆಳುಗೆಂಪು ಚರ್ಮಕ್ಕೆ ಮೂಗು ತಾಗಿಸಿ
"ಇದಕ್ಕೆ ಇನ್ನೊಂದು ತಿಂಗಳು ಬೇಕು, ಬಿಡ್ರಿ" ಅನ್ನುತ್ತಿದ್ದಳಂತೆ.
ಉಣ್ಣೆಯ ಜಿಡ್ಡು ಕುಡಿದ ಬೆರಳು ಈಗಲೂ ಮೆತ್ತಗೆ,
ಬೆಣ್ಣೆ ಹಿಡಿದವರ ಕೈಯಂತೆ.

ಆ ಬೆರಳು ನನ್ನ ಬೈತಲೆಯಲ್ಲಿ ನಡೆಯುತ್ತಿದೆ.
ಡೆಂಗಿ ಬಂದು ಹೋಗಿ ಮೂರು ತಿಂಗಳಿಗೆ
ಉದುರತೊಡಗಿತ್ತು:
ದಿಂಬಿನ ಮೇಲೆ, ಬಚ್ಚಲ ತೂಬಿನಲ್ಲಿ,
ಒಮ್ಮೆ ತಮ್ಮನ ರೊಟ್ಟಿಯಲ್ಲಿ.
ಈರುಳ್ಳಿ ಎಣ್ಣೆ ತರಿಸಿದೆ, ಮೊಬೈಲಿನಲ್ಲಿ ಕಂಡದ್ದೆಲ್ಲ ತರಿಸಿದೆ,
ಉಳಿದದ್ದನ್ನು ಬಿಗಿದು ಎಳೆದು ಕ್ಲಿಪ್ಪು ಸಿಕ್ಕಿಸಿ
ಮಿಲ್ಲಿನ ತೂಕದ ಕಟ್ಟೆಯಲ್ಲಿ ಚೀಟಿ ಬರೆಯುತ್ತಾ ಕೂತೆ.

"ಹೊಟ್ಟು" ಅಂದಳು ಅತ್ತೆ.
ಶೇಂಗಾದ್ದು ಅಂದೆ ನಾನು, ಮಿಲ್ಲಿನ ಧೂಳು.
"ಧೂಳು ಉದುರ್ತತೆ. ಇದು ಅಂಟಿಕೊಂಡೈತೆ.
ಇದರ ಮ್ಯಾಲೆ ಎಣ್ಣೆ ಸುರಿದು ಮುಚ್ಚಿಟ್ಟಿದೀಯ,
ಗಾಯಕ್ಕೆ ಕಂಬಳಿ ಹೊದಿಸಿದಂಗೆ."
ಗಾಣ ನಿಂತು ಮಿಲ್ಲು ಬಂದರೂ
ಗಾಳಿಗೇ ಎಣ್ಣೆಯ ವಾಸನೆ ಇರುವ ಈ ಊರಲ್ಲಿ
ಎಣ್ಣೆ ಬೇಡ ಅಂದವಳು ಇವಳೊಬ್ಬಳೇ.

ಬೋರಿನ ಸವಳು ನೀರಿಗೆ ಸೀಗೆ ನೊರೆ ಬಿಡದು.
ಕೂದಲು ತೊಳೆದಷ್ಟೂ ತೆಂಗಿನ ನಾರು.
ಅದಕ್ಕೇ ಘಟಕದಲ್ಲಿ ಐದು ರೂಪಾಯಿ ನಾಣ್ಯ ಹಾಕಿ
ಕ್ಯಾನು ತುಂಬಿಸಿ ತರುತ್ತೇನೆ.
ಕುಡಿಯೋ ನೀರು ತಲೆಗಾ ಅಂತ ಅವ್ವ ಪ್ರತಿ ವಾರ.
"ನೆತ್ತೀನೂ ಕುಡೀತತೆ ಕಣವ್ವ"
ಅನ್ನುತ್ತಾಳೆ ಅತ್ತೆ, ಅದೂ ಪ್ರತಿ ವಾರ.

ಉಗುರಿಲ್ಲ ಅವಳ ಉಜ್ಜಾಟದಲ್ಲಿ. ಬೆರಳ ತುದಿಯ ದಿಂಬು ಅಷ್ಟೇ,
ಕಿವಿಯ ಹಿಂದಿನಿಂದ ಹೊರಟು
ಸುಳಿಯ ಹತ್ತಿರ ಒಂದು ಗಳಿಗೆ ನಿಂತು
ಕುತ್ತಿಗೆಗೆ ಇಳಿಯುತ್ತದೆ.
ಎಷ್ಟೋ ಹೊತ್ತಿನ ಮೇಲೆ ನನಗೆ ಗೊತ್ತಾಯಿತು
ನಾನು ಬಿಗಿಹಿಡಿದ ಹಲ್ಲು ಬಿಟ್ಟಿದ್ದೆನೆಂದು.

ಬರ್ತತಾ ಅತ್ತೆ, ಮೊದಲಿನಂಗೆ?
"ಬರೋದು ಬತ್ತತೆ. ಬಾರದ್ದು ಬರಂಗಿಲ್ಲ.
ಕುರಿ ಯಾವತ್ತಾದರೂ ಕೇಳಿತಾ ನನ್ನ?"

ಹೋದ ಭಾನುವಾರ ಕ್ಯಾನಿನಲ್ಲಿ ನೀರು ಮಿಕ್ಕಿತ್ತು.
ನೀನು ಕೂತ್ಕೋ ಅಂದೆ.
ನಕ್ಕಳು, ಬೈದಳು, ಸೆರಗು ಇನ್ನಷ್ಟು ಮುಂದಕ್ಕೆಳೆದಳು.
ಇಷ್ಟು ವರ್ಷದಲ್ಲಿ ಸೆರಗಿಲ್ಲದ ಅವಳ ತಲೆಯನ್ನು
ನಾನು ಕಂಡೇ ಇಲ್ಲವೆಂದು ಆಗ ಹೊಳೆಯಿತು.
ಕೊನೆಗೆ ಕೂತಳು, ಬೆನ್ನು ತಿರುಗಿಸಿ.

ತುರುಬು ಬಿಚ್ಚಿದೆ. ನೆತ್ತಿಯ ನಡುವೆ
ಅಂಗೈಯಗಲ ಬಯಲು.
ನುಣ್ಣಗೆ, ಒಂದು ಎಳೆಯೂ ಇಲ್ಲದೆ,
ಅಂಚು ಗೆರೆ ಕೊರೆದಷ್ಟು ದುಂಡಗೆ.
ಸಿಂಬೆ ಕೂತ ಜಾಗ.
ಕೆರೆಯಿಂದ ಮನೆಗೆ, ಮನೆಯಿಂದ ಹಟ್ಟಿಗೆ
ಕೊಡದ ಮೇಲೆ ಕೊಡ
ಎಷ್ಟು ವರ್ಷ ಹೊತ್ತಳೋ, ಲೆಕ್ಕವಿಟ್ಟವರಿಲ್ಲ.

"ಏನೈತೆ ಅಲ್ಲಿ?" ಕೇಳಿದಳು, ತುಸು ತಡೆದು.
ಕುರಿಗಳ ಬುಡವನ್ನೆಲ್ಲ ಬಗೆದು ನೋಡಿದವಳಿಗೆ
ತನ್ನದನ್ನು ನೋಡಿ ಹೇಳುವವರಿರಲಿಲ್ಲ.
ಚರ್ಮ ಚೆನ್ನಾಗೈತೆ ಅತ್ತೆ, ಹೊಟ್ಟಿಲ್ಲ ಅಂದೆ.
ನಿಜವೇ ಅದು.

ಬಗ್ಗಿ ಮೂಸಿದೆ, ಅವಳು ಮೂಸುತ್ತಿದ್ದಂತೆ.
ಸೀಗೆ, ಹೊಗೆ, ಎಲ್ಲೋ ದೂರದಲ್ಲಿ ಒಂದಿಷ್ಟು ಕುರಿ.
ಚೊಂಬು ಎತ್ತಿದೆ. ನೀರು ಆ ಬಯಲ ಮೇಲೆ ಬಿದ್ದು
ದಾರಿ ಸಿಗದೆ ಎಲ್ಲ ಕಡೆಗೂ ಹರಿಯಿತು.
"ಉಗುರು ತಾಗಿಸಬ್ಯಾಡ" ಅಂದಳು.
"ಇಲ್ಲ" ಅಂದೆ.
"ಹಂಗಾದ್ರೆ ಇನ್ನೊಂದು ಚೊಂಬು ಹಾಕು."